ಗುಂಯ್ ಎಂದದ್ದು ಯಾರ ಮನೆಯ ಪೆಟ್ಟಿಗೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕುಳಿತಿದ್ದರು. ರಿಪೇರಿಯಾಗಿ ಬಂದ ಆಂಪ್ಲಿಫೈಯರ್ ಬೆಡ್‌ಶೀಟ್ ಸುತ್ತಿಕೊಂಡು ಕೂಸಿನಂತೆ ಗಂಡನ ತೊಡೆಯ ಮೇಲಿತ್ತು.

“ಪೆಟ್ಟಿಗೆ ಒಳಗೇ ಅರ್ಥಿಂಗ್ ವೈರ್ ಬಿಟ್ಕೊಂಡಿತ್ತಂತೆ. ಅದಕ್ಕೇ ಗುಂಯ್ ಅಂತಿತ್ತು.”

“ಹಾಗಾದ್ರೆ ಕೆಳಗಡೆ ಬಾಡಿಗೆಗಿರೋ ಟೈಲರಕ್ಕನ ಮಷಿನ್ ಮೋಟರಿಂದ ಅಲ್ಲ.”

“ಮೆಲ್ಲಗೆ ಮಾತಾಡೇ.”

“ಅವತ್ತು ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಮಾತಾಡಿದ್ರಾ? ಬಾಡಿಗೆಯವರಿಗೆ ಇಷ್ಟು ಕೊಬ್ಬಾ ಅಂದ್ರಿ.”

“ನೀನೂ ಪಕ್ಕದಲ್ಲೇ ನಿಂತಿದ್ದೆ.”

“ನಿಂತಿದ್ದೆ. ಅದಕ್ಕೇ ಅವರ ಮುಖ ನೋಡೋಕಾಗ್ತಿಲ್ಲ. ಮೋಟರ್ ಬಿಚ್ಚಿಸಿದ್ವಿ. ಊದಿದ ಕಾಲಲ್ಲೇ ಮಷಿನ್ ತುಳೀತಿದ್ದಾರೆ.”

“ಹೊಸ ಆಂಪ್ಲಿಫೈಯರ್ ತಂದ್ವಿ, ಇನ್ನು ಮೋಟರ್ ಹಾಕ್ಕೊಳ್ಳಮ್ಮ ಅಂದ್ಬಿಡೋಣ.”

“ಓಹೋ, ದೊಡ್ಡ ಉಪಕಾರ ಮಾಡಿದ ಹಾಗೆ!”

ಗಂಡ ಕಿಟಕಿಯ ಕಡೆಗೆ ತಿರುಗಿದ.

“ತಪ್ಪು ನಮ್ದು ಅಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಕಣೇ.”

“ಬೈದಿದ್ದೂ ಬೀದಿಗೆಲ್ಲ ಕೇಳಿಸಿತ್ತು.”

ಅವರ ಸ್ಟಾಪ್ ಬಂತು. ಪೆಟ್ಟಿಗೆಯನ್ನು ಅವುಚಿಕೊಂಡೇ ಗಂಡ ಎದ್ದ. ಹೆಂಡತಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

“ಭಾರ ಇದೆ, ನಾನೇ ಹಿಡ್ಕೋತೀನಿ ಬಿಡು.”

“ಬೇಡ. ನಿಮ್ಮ ಕೈ ಖಾಲಿ ಇರ್ಲಿ. ಅವರ ಬಾಗಿಲು ನೀವೇ ತಟ್ಟಬೇಕು.”

ಅವಳು ಮೊದಲು ಇಳಿದಳು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಹಿಂದೆಯೇ ಇಳಿದ.