ನಾಲ್ಕು ಬೆರಳು ಇಳಿದ ಜೋಳ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಮಕ್ತಲದ ಈ ಕನ್ನಡ ಶಾಲೆಯ ಗುರುಗಳೇ, ಗದ್ದಲ ನಿಲ್ಲಿಸದ ಮಕ್ಕಳೇ, ಸಭಿಕರೇ,

ಗಟ್ಟು ಊರಿನ ಕರಿಬಸಯ್ಯನಾದ ನನ್ನನ್ನು ವಿಜ್ಞಾನ ಮೇಳದ ಬಹುಮಾನ ಕೊಡಲು ಕರೆದಿದ್ದೀರಿ. ಗದ್ವಾಲದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಚೀಲ ತುಂಬಿದ ಹಮಾಲನಿಗೂ ವಿಜ್ಞಾನಕ್ಕೂ ಏನು ಸಂಬಂಧ? ಹಾರ ಹಾಕಿಬಿಟ್ಟಿರಿ, ಇನ್ನು ಮಾತಾಡದೆ ಗತಿಯಿಲ್ಲ. ಬೆಳಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ, ಬೇಗ ಮುಗಿಸುತ್ತೇನೆ.

ಬೆಳಗ್ಗೆ ಮೇಳ ನೋಡಲು ಹೋದಾಗ ಏಳನೇ ತರಗತಿಯ ಶಿರಿಷಾ ಗಾಜಿನ ಜಾಡಿಗೆ ಬಾಯಿತನಕ ಜೋಳ ಸುರಿದು, ಮೇಜಿಗೆ ಟಕಟಕ ಕುಟ್ಟಿದಳು. ಜೋಳ ಒಂದು ಬೆರಳು ಇಳಿಯಿತು. "ಯಾರೂ ತೆಗೆದಿಲ್ಲರೀ ಅಜ್ಜಾರ, ಅಲುಗಿದ್ರ ಕಾಳು ಒಂದರ ಸಂದ್ಯಾಗ ಒಂದು ಕುಂದರತಾವ," ಎಂದಳು. ಯಾರೂ ತೆಗೆದಿಲ್ಲ! ಇದೇ ಮಾತನ್ನು ನನಗೇ ಹೇಳಬೇಕೇ ಈ ಹುಡುಗಿ?

ಇಪ್ಪತ್ತೆರಡು ವರ್ಷದ ಹಿಂದೆ ನಾವು ಹೊಸ ಮನೆ ಹೊಕ್ಕ ದಿನ, ಹೆಂಡತಿ ಅಮರಮ್ಮನ ತವರು ನಾರ್ವದಿಂದ ಜೋಳದ ಚೀಲ ಬಂತು. ಅವಳ ತಮ್ಮ ಸಿದ್ದರಾಮೇಶ ಟ್ರ್ಯಾಕ್ಟರಿನಲ್ಲಿ ತಂದ. ಆಗಿನ ರಸ್ತೆ ನಿಮಗೆ ಗೊತ್ತು, ತಿಂದ ರೊಟ್ಟಿ ಬಾಯಿಗೆ ಬರುತ್ತಿತ್ತು. ಬಾಯಿಮಟ ತುಂಬಿದ್ದೇವೆ ಎಂದು ಮಾವ ಹೇಳಿಕಳಿಸಿದ್ದರು. ಬಿಚ್ಚುವ ಮೊದಲೇ ಮೇಲೆ ನಾಲ್ಕು ಬೆರಳು ಖಾಲಿ ಕಂಡಿತು. ಬಂಧುಗಳೆಲ್ಲ ಇದ್ದಾರೆ. "ದಾರ್ಯಾಗ ಯಾರ ಮನಿಗೆ ಸುರುವಿ ಬಂದಿಪಾ?" ಎಂದೆ.

"ಭಾವಾ, ಚೀಲದ ಹೊಲಿಗಿ ನೋಡ್ರಿ, ಬಿಚ್ಚಿಲ್ಲ, ಹಂಗ ಐತಿ," ಎಂದ. ನಾನು ನೋಡಿದೆನೇ? ಇಲ್ಲ. ತೂಗಿದೆನೇ? ಅದೂ ಇಲ್ಲ. ಅವನು ಉಣ್ಣದೆ ಹೋದ, ಮತ್ತೆ ಬರಲಿಲ್ಲ. ಅಮರಮ್ಮನೂ ತವರಿಗೆ ಹೋಗಲಿಲ್ಲ. "ನನ್ನ ತಮ್ಮನ್ನ ಕಳ್ಳ ಅಂದೋರು ನೀವ. ತಪ್ಪಾತು ಅಂತ ಹೇಳಾಕ ಕರಕೊಂಡು ಹೋಗೋರೂ ನೀವ ಆಗಬೇಕು," ಎಂದಳು.

ನನಗೆ ಗೊತ್ತಿರಲಿಲ್ಲವೇ? ಅದಾದ ಮೂರನೆಯ ದಿನ ಮಾರ್ಕೆಟ್ಟಿನಲ್ಲಿ ನಾನೇ ಚೀಲವನ್ನು ನೆಲಕ್ಕೆ ಕುಕ್ಕುತ್ತಿದ್ದೆ. ಕುಕ್ಕಿದಷ್ಟೂ ಕಾಳು ಇಳಿಯುತ್ತಿತ್ತು, ಇನ್ನೆರಡು ಸೇರು ಹಿಡಿಯುತ್ತಿತ್ತು. ನನ್ನ ಕೈ ಅಲ್ಲೇ ನಿಂತಿತು. ಗೊತ್ತಾಯಿತು. ಗೊತ್ತಾಗಿಯೂ ಇಷ್ಟು ವರ್ಷ ಸುಮ್ಮನಿದ್ದೆ. ಛೇ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನಾಚಿಕೆಯಾಗುತ್ತಿದೆ.

ಹೆಂಗಸರ ಸಾಲಿನಲ್ಲಿ ಅಮರಮ್ಮ ಕೂತಿದ್ದಾಳೆ. ನನಗೆ ಅಂದೇ ತಿಳಿದಿತ್ತೆಂದು ಅವಳಿಗೆ ತಿಳಿದದ್ದು ಈಗಲೇ. ನನ್ನನ್ನೇ ನೋಡುತ್ತಿದ್ದಾಳೆ. ಎದ್ದಳು. ಬಾಗಿಲ ಕಡೆ ಹೊರಟಳು.

ಅಧ್ಯಕ್ಷರೇ, ಶಿರಿಷಾಗೆ ಬಹುಮಾನ ನೀವೇ ಕೊಡಿ. ಇವಳು ತವರಿಗೇ ಹೊರಟಿದ್ದಾಳೆ. ನಾರ್ವ ಇಲ್ಲಿಂದ ದೂರವಿಲ್ಲ, ಆದರೆ ಇವಳು ನನಗಾಗಿ ನಿಲ್ಲುವಂತೆ ಕಾಣುವುದಿಲ್ಲ. ಕರೆದಿರಿ, ಉಪಕಾರವಾಯಿತು. ಕೇಳಿದಿರಿ, ಉಪಕಾರವಾಯಿತು. ಏ ಅಮರಮ್ಮಾ, ನಿಂದರ, ತಪ್ಪಾತು ಅಂತ ಹೇಳೋನು ನಾನು, ನೀ ಒಬ್ಬಾಕಿ ಹೋಗಿ ಏನು ಹೇಳ್ತಿ? ಸಭಿಕರೇ, ಸ್ವಲ್ಪ ದಾರಿ ಬಿಡಿ, ನಮಸ್ಕಾರ.