ಉಗ್ರಪ್ಪನ ಜೀಪಿನ ರೋಟರ್

ಚಳ್ಳಕೆರೆಗೆ ಅಪರೂಪವಾದ ಮಳೆ ಆ ಸಂಜೆ ಮರುಳಪ್ಪನ ಗ್ಯಾರೇಜಿನ ತಗಡಿನ ಮೇಲೆ ಶೇಂಗಾ ಮೂಟೆ ಸುರಿದಂತೆ ಸುರಿಯುತ್ತಿತ್ತು. ಕರೆಂಟು ಹೋಗಿತ್ತು. ಒಳಗೆ ಮೂವರಿದ್ದರು: ಎಪ್ಪತ್ತು ದಾಟಿದ ಮೆಕ್ಯಾನಿಕ್ ಮರುಳಪ್ಪ, ಪಕ್ಕದ ಪಂಕ್ಚರ್ ಅಂಗಡಿಯ ರವಿಕಿರಣ್, ಎದುರಿನ ಟೀ ಅಂಗಡಿಯಿಂದ ತಳ್ಳಿಸಿಕೊಂಡು ಬಂದ, ಸ್ಟಾರ್ಟ್ ಆಗದ ಹಳೆಯ ಪೆಟ್ರೋಲ್ ಜೀಪಿನ ಒಡೆಯ ಶಶಿಕಾಂತ್. ಅವನು ಜೀಪು ಕೊಂಡು ಹದಿನೈದು ದಿನವಾಗಿತ್ತು. ಮೊಳಕಾಲ್ಮೂರಿನ ತವರಿನಲ್ಲಿದ್ದ ಹೆಂಡತಿ ವಾಣಿಶ್ರೀಗೆ ಒಂಬತ್ತು ತಿಂಗಳು ತುಂಬಿತ್ತು. ನೋವು ಬಂದಾಗ ಆಸ್ಪತ್ರೆಗೆ ಕರೆತರಲು ಬಾಡಿಗೆಯವರನ್ನು ನಂಬಬಾರದೆಂದೇ ಕೊಂಡಿದ್ದ.

ಮರುಳಪ್ಪ ಒಂದೊಂದಾಗಿ ನೋಡಿದ್ದ. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆಸಿದರೆ ಕಿಡಿಯಿಲ್ಲ. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕಿತ್ತು ಹಿಡಿದರೆ ನೀಲಿ ಕಿಡಿ ಚಟ್ಟೆಂದು ಹಾರಿತು. ಅಂದರೆ ಕಿಡಿ ಹುಟ್ಟುತ್ತಿದೆ, ನಡುದಾರಿಯಲ್ಲಿ ಕಾಣೆಯಾಗುತ್ತಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಕಿಡಿಯನ್ನು ಸುತ್ತುತ್ತ ನಾಲ್ಕು ಪ್ಲಗ್ಗಿಗೂ ಹಂಚುವ, ಹೆಬ್ಬೆರಳಿನಷ್ಟಿರುವ ರೋಟರ್ ಅಲ್ಲಿರಲಿಲ್ಲ.

ವಾರದಲ್ಲಿ ಇದು ಎರಡನೇ ಸಲ. ಹೋದ ಸಲ ಹೊಸದು ಹಾಕಿದವನೂ ಮರುಳಪ್ಪನೇ. ಶಶಿಕಾಂತ್ ಮುದುಕನ ಕೈಗಳನ್ನೇ ನೋಡುತ್ತ ಕೂತ.

"ನನ್ ಮೇಲೆ ಅನುಮಾನ ಇವನಿಗೆ," ಮರುಳಪ್ಪ ನಕ್ಕ.

"ನನ್ ಮೇಲೂ ಐತೆ ಬಿಡ್ರಿ. ಆಗಿಂದ ನನ್ ಟೂಲ್ ಡಬ್ಬಿನೇ ನೋಡ್ತಾವ್ರೆ," ಅಂದ ರವಿಕಿರಣ್.

ಮರುಳಪ್ಪ ಬೀಡಿ ಹಚ್ಚಿದ. "ಕೊಂಡ್ಲಹಳ್ಳಿ ತಿಪ್ಪಯ್ಯನ ಹತ್ರ ತಗಂಡಿದ್ದಲ್ವೇನಪ್ಪ? ಗಾಡಿ ಅವನದಲ್ಲ, ಅವನ ಅಣ್ಣ ಉಗ್ರಪ್ಪನದು... ಈ ಉಗ್ರಪ್ಪ ಇದ್ನಲ್ಲ, ಎಲ್ಲಿ ನಿಲ್ಸಿದ್ರೂ ಬಾನೆಟ್ ಎತ್ತಿ ರೋಟರ್ ಕಿತ್ತು ಜೇಬಿಗೆ ಹಾಕ್ಕಂತಿದ್ದ. ಕೀಲಿ ಇಲ್ದೆ ವೈರ್ ಕೂಡಿಸಿ ಗಾಡಿ ಹೊಡ್ಕಂಡು ಹೋಗೋರಿದ್ದ ಕಾಲ, ಹಳೇ ಡ್ರೈವರ್‌ಗಳೆಲ್ಲ ಹಂಗೇ ಮಾಡೋರು. ಆದ್ರೆ ಇವನು ಮನೆ ಅಂಗಳದಾಗೂ ಕೀಳ್ತಿದ್ದ, ಒಡಹುಟ್ಟಿದ ತಮ್ಮ ಗಾಡಿಯೊಳಗೇ ಕೂತಿದ್ರೂ ಕೀಳ್ತಿದ್ದ! ಒಂದಿನ ಇಬ್ರೂ ವರವು ಕಾವಲ್ ಹುಲ್ಲುಗಾವಲ ಪಕ್ಕ ಬರೋವಾಗ ಉಗ್ರಪ್ಪ ಗಾಡಿ ನಿಲ್ಸಿ, ರೋಟರ್ ಕಿತ್ಕಂಡು, ಹುಲ್ಲೊಳಗೆ ಒಂದಕ್ಕೆ ಹೋದ... ಹಾವು ಕಡೀತು. ತಿಪ್ಪಯ್ಯ ಹೊತ್ಕಂಡು ಬಂದು ಸೀಟಿಗೆ ಹಾಕಿ, ಅಣ್ಣ ರೋಟರ್ ಕೊಡು, ಆಸ್ಪತ್ರೆಗೆ ಹೊಡೀತೀನಿ ಅಂತ ಕಾಲು ಹಿಡ್ದ. ಉಗ್ರಪ್ಪ ಏನು ಮಾಡ್ದ ಗೊತ್ತೇನಪ್ಪಾ? ನಾನು ಸಾಯ್ತೀನಿ, ಗಾಡಿ ಇವನ ಪಾಲಾಗುತ್ತೆ ಅಂದ್ಕಂಡು... ಜೇಬಿಂದ ತೆಗ್ದು ಕಾವಲ್ ಹುಲ್ಲಿಗೆ ಎಸೆದ. ಮೊಣಕಾಲುದ್ದ ಹುಲ್ಲು. ತಮ್ಮ ಅಲ್ಲಿ ತಡಕಾಡ್ತಾನೇ ಇದ್ದ, ಇಲ್ಲಿ ಅಣ್ಣನ ಉಸಿರು ನಿಂತೋಯ್ತು. ಮರುದಿನ ನಾನೇ ಹೋಗಿ ಬೇರೆ ರೋಟರ್ ಹಾಕಿ ಗಾಡಿ ತಂದೆ."

"ಆಮೇಲೆ?" ಶಶಿಕಾಂತ್ ಕೇಳಿದ.

"ಆಮೇಲೆ ತಿಪ್ಪಯ್ಯಂಗೂ ರೋಟರ್ ಕಾಣೆಯಾಗಾಕೆ ಹತ್ತಿತು. ಹೆಂಡ್ತಿ ಮೇಲೆ ಅನುಮಾನ, ಮಕ್ಕಳ ಮೇಲೆ ಅನುಮಾನ, ಕೊನೆಗೆ ನನ್ ಮೇಲೆ. ದೆವ್ವ ಐತೋ ಇಲ್ವೋ, ನಂಗೆ ಹೇಳಾಕೆ ಬರಲ್ಲ. ಮುಚ್ಚಳ ತೆಗೀದೆ ರೋಟರ್ ಹೊರಗೆ ಬರಲ್ಲ, ಅದೊಂದು ಗೊತ್ತು... ಮಧ್ಯಾಹ್ನ ಎದುರುಗಡೆ ಟೀಗೆ ನಿಲ್ಸಿದಾಗ ಬಾನೆಟ್ ಎತ್ತಿದ್ದು ಯಾರು?"

"ಯಾರೂ ಎತ್ತಿಲ್ರಿ."

ರವಿಕಿರಣ್ ಈ ಸಲ ತಮಾಷೆ ಮಾಡಲಿಲ್ಲ. "ನೀವೇ ಎತ್ತಿದ್ರಿ ಸಾರ್. ನೀರು ನೋಡ್ತಿದೀರಿ ಅನ್ಕಂಡೆ."

ಶಶಿಕಾಂತ್ ತನಗೇ ತಿಳಿಯದೆ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ನುಣುಪಾದ, ಮೈಶಾಖಕ್ಕೆ ಬೆಚ್ಚಗಾದದ್ದೊಂದು ಬೆರಳಿಗೆ ತಾಗಿತು. ಹೊರತೆಗೆದ. ಕಿತ್ತದ್ದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅತ್ತೆ. ವಾಣಿಶ್ರೀಗೆ ನೋವು ಶುರುವಾಗಿತ್ತು.

"ಕೊಡಿತ್ಲಾಗೆ, ಎರಡು ನಿಮಿಷದ ಕೆಲಸ," ಮರುಳಪ್ಪ ಅಂಗೈ ಚಾಚಿದ.

ಕೊಡಬೇಕೆಂದು ಶಶಿಕಾಂತ್‌ಗೂ ಗೊತ್ತಿತ್ತು. ಆದರೆ ಮುಷ್ಟಿ ಬಿಚ್ಚಲಿಲ್ಲ. ಮುದುಕನಿಗೆ ಇಷ್ಟು ಅವಸರ ಯಾಕೆ? ಬಾಗಿಲಿಗೆ ಅಡ್ಡ ಆ ಇನ್ನೊಬ್ಬ ಯಾಕೆ ನಿಂತಿದ್ದಾನೆ? ಅವನು ಒಂದು ಹೆಜ್ಜೆ ಹಿಂದೆ ಸರಿದ.

ಮರುಳಪ್ಪ ಕೈ ಹಿಂತೆಗೆಯಲಿಲ್ಲ. ದನಿ ತಗ್ಗಿಸಿ, ಬಹಳ ದಿನದ ಪರಿಚಯದವನನ್ನು ಮಾತಾಡಿಸುವಂತೆ ಅಂದ:

"ಕೊಡೋ ಉಗ್ರಪ್ಪ... ಈ ಸಲನಾದ್ರೂ ಕೊಡು."