ರೆಸ್ಯೂಮ್ ಜೊತೆ ಲಗತ್ತಿಸಿದ ನಡಿಗೆ

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಯಾಗಿ ಬಂದಿರುವ ಸ್ಟುಡಿಯೋದ ಮುಖ್ಯಸ್ಥರಾದ ಮೇಡಂ ಅವರೇ, ಇವತ್ತೊಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿರುವ ಅಧ್ಯಾಪಕ ಮಿತ್ರರೇ, ಈ ಮುದುಕ ಬೇಗ ಮುಗಿಸಲಿ ಎಂದು ಹಿಂದಿನ ಸಾಲಿನಲ್ಲಿ ಹಾರೈಸುತ್ತಿರುವ ವಿದ್ಯಾರ್ಥಿಗಳೇ, ಮೂರನೇ ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಈಗಲೇ ನನ್ನ ಮೇಲೆ ಕಣ್ಣು ಬಿಡುತ್ತಿರುವ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ಈ ಕಲಾಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದು, "ಕಲಾ ಕ್ಷೇತ್ರದ ಕೆಲಸಗಳಿಗೆ ಒಳ್ಳೆಯ ರೆಸ್ಯೂಮ್ ಮಾಡೋದು ಹೇಗೆ ಅಂತ ನಮ್ಮ ಮಕ್ಕಳಿಗೆ ಹೇಳಿ" ಎಂದಾಗ ನನಗೆ ನಗು ಬಂತು. ಜೀವಮಾನವೆಲ್ಲ ರೆಸ್ಯೂಮ್ ಇಲ್ಲದೆ ದುಡಿದವನು ನಾನು. ಸಿನಿಮಾಕ್ಕೆ ಸಪ್ಪಳ ಕೊಡುವುದು ನನ್ನ ಕೆಲಸ. ತೆರೆಯ ಮೇಲೆ ನಾಯಕ ನಡೆದರೆ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ಅವನ ಕಾಲಿಗೆ ಕಾಲು ಕೂಡಿಸಿ ನಾನು ನಡೆಯುತ್ತಿದ್ದೆ. ಅವನು ಏಟು ತಿಂದರೆ ನಾನು ಒದ್ದೆ ಬಟ್ಟೆಯನ್ನು ಮೇಜಿಗೆ ಬಡಿಯುತ್ತಿದ್ದೆ. ಆ ಕೆಲಸಕ್ಕೆ ಸೇರಿದ್ದು ಹೇಗೆ ಗೊತ್ತೇ? ಮೊದಲಿದ್ದವನು ಕಾಲು ಮುರಿದುಕೊಂಡಿದ್ದ. ರೆಕಾರ್ಡಿಂಗ್ ಮಾಡುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಡೆಯೋಕೆ ಬರುತ್ತೇನಯ್ಯಾ?" ಅಂದರು. "ಬರುತ್ತೆ ಸಾರ್" ಅಂದೆ. ಸಂದರ್ಶನ ಮುಗಿಯಿತು.

ಅಂಥವನು ಹೋದ ತಿಂಗಳು, ಅರ್ಧ ಹಲ್ಲು ಉದುರಿದ ಮೇಲೆ, ಮೊದಲ ಬಾರಿಗೆ ರೆಸ್ಯೂಮ್ ಮಾಡಿದೆ. ಯಾಕೆ? ಮೇಡಂ ಅವರ ಸ್ಟುಡಿಯೋದವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಹಳೆಯ ಸಪ್ಪಳದ ಟೇಪುಗಳು ಗೋದಾಮಿನಲ್ಲಿ ರಾಶಿ ಬಿದ್ದಿವೆ, ಡಬ್ಬಗಳ ಮೇಲಿನ ಚೀಟಿಗಳು ಉದುರಿಹೋಗಿವೆ, ಅವನ್ನು ಕೇಳಿ, ಗುರುತಿಸಿ, ಕಂಪ್ಯೂಟರಿಗೆ ಇಳಿಸಲು ಜನ ಬೇಕು. ಗುರುತು ಸಿಗದವನ್ನು ವಿಲೇವಾರಿ ಮಾಡಲಾಗುವುದು. ವಿಲೇವಾರಿ! ಎಷ್ಟು ನಯವಾದ ಮಾತು ನೋಡಿ. ಅರ್ಜಿದಾರರ ವಯಸ್ಸು ಮೂವತ್ತೈದರ ಒಳಗಿರಬೇಕು. ಒಂದು ಪುಟದ ರೆಸ್ಯೂಮ್, ಜೊತೆಗೆ ಕೆಲಸದ ಮಾದರಿ ಕಳಿಸಬೇಕು. ವಯಸ್ಸಿನ ಸಾಲನ್ನು ನಾನು ಓದದವನ ಹಾಗೆ ದಾಟಿಬಿಟ್ಟೆ.

ನನ್ನ ಸೊಸೆ ಪುಸ್ತಕಗಳ ಪುಟ ವಿನ್ಯಾಸ ಮಾಡುವವಳು. ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಎಲ್ಲರೂ ಮಾಡುವಂಥದ್ದೇ ಒಂದನ್ನು ಮಾಡಿದಳು. ಎಡಕ್ಕೆ ನೀಲಿ ಪಟ್ಟಿ, ಮೇಲೆ ನನ್ನ ಫೋಟೋ, ಕೆಳಗೆ ಸಾಲಾಗಿ ಬಣ್ಣದ ವೃತ್ತಗಳು. ಒಂದು ವೃತ್ತದಲ್ಲಿ "ಹೆಜ್ಜೆ ಸಪ್ಪಳ, ಶೇಕಡಾ ತೊಂಬತ್ತು" ಅಂತಿತ್ತು. "ಇನ್ನು ಹತ್ತು ಎಲ್ಲಿ ಹೋಯ್ತಮ್ಮಾ?" ಅಂದೆ. "ವಿನಯಕ್ಕೆ ಬಿಟ್ಟಿದೀನಿ ಮಾವ" ಅಂದಳು. ಇಬ್ಬರೂ ನಕ್ಕು ಅದನ್ನು ಅಳಿಸಿದೆವು. ಮಕ್ಕಳೇ, ವೃತ್ತ ಹಾಕಬೇಡಿ. "ತಂಡದಲ್ಲಿ ಬೆರೆಯುವ ಗುಣವಿದೆ" ಎಂದು ಬರೆಯಬೇಡಿ. ಯಾರ ಜೊತೆಗೂ ಸೇರದವನೂ ಅದನ್ನೇ ಬರೆಯುತ್ತಾನೆ. ನಾಲ್ಕು ಬಗೆಯ ಅಕ್ಷರ, ಐದು ಬಣ್ಣ ಬೇಡ. ಧಾರಾಳವಾಗಿ ಬಿಳಿ ಜಾಗ ಬಿಡಿ. ನಮ್ಮ ಕೆಲಸದಲ್ಲೂ ಹಾಗೇ, ಸಪ್ಪಳದ ನಡುವೆ ಮೌನ ಬಿಡದಿದ್ದರೆ ಯಾವುದೂ ಕೇಳಿಸುವುದಿಲ್ಲ.

ಆಮೇಲೆ ಅವಳು ಕೇಳಿದಳು, "ಮಾವ, ಎಲ್ಲರೂ ಬರೆಯೋದು ಸಾಕು. ನೀವೊಬ್ಬರೇ ಬರೆಯಬಹುದಾದ್ದು ಏನಿದೆ?" ಸಭಿಕರೇ, ನನ್ನ ಭಾಷಣದಿಂದ ಒಂದೇ ಒಂದನ್ನು ಮನೆಗೆ ಒಯ್ಯುವುದಾದರೆ ಈ ಪ್ರಶ್ನೆಯನ್ನು ಒಯ್ಯಿರಿ. ನಾನು "ಬರಿ" ಅಂದೆ. "ಹೆಂಡತಿಯ ಹೆಜ್ಜೆಯನ್ನು ಎಲ್ಲಿ ಕೇಳಿದರೂ ಗುರುತಿಸಬಲ್ಲೆ." ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಇದನ್ನು ವೇದಿಕೆಯ ಮೇಲೆ ಹೇಳಕೂಡದು ಎಂದು ಮನೆಯಲ್ಲಿ ಅಪ್ಪಣೆಯಾಗಿತ್ತು. ಹೇಳಿಬಿಡುತ್ತೇನೆ, ಏನಾಗುತ್ತದೋ ಆಗಲಿ.

ಮೊದಮೊದಲು ನಾಯಕಿಯ ಹೆಜ್ಜೆಯನ್ನೂ ನಾನೇ ಹಾಕುತ್ತಿದ್ದೆ. ಒಂದು ದಿನ ಸಿನಿಮಾದ ನಿರ್ದೇಶಕರು ತಲೆ ಚಚ್ಚಿಕೊಂಡರು. "ಏನ್ರೀ ಇದು, ಬರ್ತಿರೋದು ನಾಯಕೀನಾ, ಪೊಲೀಸಾ?" ಅಷ್ಟರಲ್ಲಿ ನನಗೆ ಊಟದ ಡಬ್ಬಿ ಕೊಡಲು ಹೊಸ ಹೆಂಡತಿ ಬಂದಳು. ಹೊರಗಿನ ಉದ್ದನೆಯ ಓಣಿಯಲ್ಲಿ ಸಪ್ಪಳ. ಎಡಗಾಲು ಒಂದಿಷ್ಟು ತಡ, ಬಲಗಾಲು ಅದನ್ನು ಕಾಯುವ ಹಾಗೆ. ಬಾಗಿಲ ಬಳಿ ಬಂದು ಒಂದು ಕ್ಷಣ ನಿಂತಿತು. ಆಮೇಲೆ ಬಾಗಿಲು ತೆರೆಯಿತು. ರೆಕಾರ್ಡಿಂಗ್ ಮಾಡುವವರು ಕಿವಿಯಿಂದ ಹೆಡ್‌ಫೋನ್ ತೆಗೆದು, "ಯಾರಮ್ಮಾ ಅದು? ಡಬ್ಬಿ ಕೆಳಗಿಟ್ಟು ಇನ್ನೊಂದ್ಸಲ ನಡಿ" ಅಂದರು.

ಅಲ್ಲಿಂದ ಮುಂದೆ ಎಷ್ಟೋ ನಾಯಕಿಯರು ಅವಳ ಕಾಲಲ್ಲಿ ನಡೆದರು. ಬಾಗಿಲ ಬಳಿಯ ಆ ಒಂದು ಕ್ಷಣಕ್ಕೆ ಚಿತ್ರಮಂದಿರದಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾಕೆ ನಿಲ್ಲುತ್ತೀಯ ಎಂದು ಒಮ್ಮೆ ಕೇಳಿದೆ. "ಒಳಗೆ ನೀವು ಯಾವ ಮೂಡಲ್ಲಿ ಇದೀರೋ ಕೇಳಿಸ್ಕೋಬೇಡ್ವಾ?" ಅಂದಳು. ತೆರೆಯ ಮೇಲೆ ಅವಳ ಹೆಸರು ಎಂದೂ ಬರಲಿಲ್ಲ. ನನ್ನದೂ ಬರಲಿಲ್ಲ ಅನ್ನಿ, ಆದರೆ ನನಗೆ ಸಂಬಳವಾದರೂ ಬರುತ್ತಿತ್ತು.

ಎರಡು ವರ್ಷದಿಂದ ಅವಳ ಕಾಲುಗಳಲ್ಲಿ ಶಕ್ತಿ ಇಲ್ಲ. ಇನ್ನು ನಡೆಯುವುದು ಆಗುವುದಿಲ್ಲ ಎಂದು ವೈದ್ಯರು ಹೇಳಿಯಾಯಿತು. ಗಾಲಿಕುರ್ಚಿ ಮನೆಗೆ ಬಂದ ದಿನ ಕಿರ್ ಕಿರ್ ಅನ್ನುತ್ತಿತ್ತು. ಅವಳಿಗೆ ಕಿರಿಕಿರಿಯಾಗಬಾರದೆಂದು ಗಾಲಿಗೆ ಎಣ್ಣೆ ಬಿಟ್ಟವನು ನಾನೇ, ಪೆದ್ದ! ಈಗ ಅವಳು ಬರುವುದೇ ಗೊತ್ತಾಗುವುದಿಲ್ಲ. ತಿರುಗಿ ನೋಡಿದರೆ ಹಿಂದೆ ಇರುತ್ತಾಳೆ. ಕುಕ್ಕರ್ ಕೂಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ, ಅದೊಂದು ಸಪ್ಪಳ ಮಾತ್ರ ಇಲ್ಲ. ಆ ಗೋದಾಮಿನ ಟೇಪುಗಳಲ್ಲಾದರೂ ಇರುತ್ತದೆ ಅಂದರೆ, "ಟೇಪಲ್ಲಿ ಕೇಳಿ ಏನ್ಮಾಡ್ತೀರಿ? ನಾನು ಇಲ್ಲೇ ಇದೀನಲ್ಲಾ" ಅನ್ನುತ್ತಾಳೆ. ಹೌದು, ಇದ್ದೀಯ ಮಾರಾಯ್ತಿ. ಆದರೆ ನೀನು ಬರುವುದನ್ನು ಕಾಯುವುದಿತ್ತಲ್ಲ, ಅದಕ್ಕೆ ನಾನು ಹಂಬಲಿಸುತ್ತೇನೆ.

ಕ್ಷಮಿಸಿ, ರೆಸ್ಯೂಮ್ ವಿಷಯಕ್ಕೆ ಬರೋಣ.

ರೆಸ್ಯೂಮ್ ಕಳಿಸುವ ಹಿಂದಿನ ದಿನ ಟಿವಿಯಲ್ಲಿ ನಮ್ಮ ಹಳೆಯ ಸಿನಿಮಾ ಒಂದು ಬಂತು. ನಾಯಕಿ ಮನೆಬಿಟ್ಟು ಹೋಗಲೆಂದು ಬಾಗಿಲವರೆಗೆ ನಡೆಯುತ್ತಾಳೆ, ನಿಲ್ಲುತ್ತಾಳೆ. ನಾನು ಕಣ್ಣೊರೆಸಿಕೊಂಡು ಹೆಂಡತಿಗೆ, "ನೋಡು, ನೀನೇ! ಬಂದುಬಿಟ್ಟೆ" ಅಂದೆ. ಅವಳು ಅವರೆಕಾಳು ಸುಲಿಯುತ್ತಿದ್ದಳೋ ಬಟಾಣಿಯೋ, ತಲೆ ಎತ್ತದೆ, "ಅದು ನಾನಲ್ಲಾರೀ, ನೀವು" ಅಂದಳು.

"ನಾನಾ?"

"ಆವತ್ತು ನಂಗೆ ಜ್ವರ. ನನ್ನ ಚಪ್ಪಲಿ ಹಾಕ್ಕೊಂಡು ನಡೆದು, ಪಟ್ಟಿ ಕಿತ್ತು ತಂದಿದ್ರಲ್ಲ, ಮರೆತೇಹೋಯ್ತಾ? ಅದೂ ಅಲ್ದೆ ನಾನು ಬಾಗಿಲ ಹತ್ರ ಅಷ್ಟು ಹೊತ್ತು ನಿಲ್ತೀನಾ? ನೀವು ಯಾವಾಗ್ಲೂ ಜಾಸ್ತಿ ನಿಲ್ತೀರ."

ಸಭಿಕರೇ, ನನ್ನ ರೆಸ್ಯೂಮಿನ ಒಂದೇ ಒಂದು ಹೆಮ್ಮೆಯ ಸಾಲು ಸುಳ್ಳಾಯಿತು. ಅವಳದೆಂದು ಅತ್ತದ್ದು ನನ್ನದೇ ಕಾಲಿಗೆ! ಅವತ್ತು ನಕ್ಕೆವು, ನಿಜ. ಆದರೆ ಹಾಸಿಗೆಯಲ್ಲಿ ಮಲಗಿದಾಗ ಹೆದರಿಕೆಯಾಯಿತು. ನಾನು ಅವಳ ನಡಿಗೆಯನ್ನು ಮರೆಯುತ್ತಿದ್ದೇನೆ. ಅದರ ಜಾಗದಲ್ಲಿ ನನ್ನ ಅನುಕರಣೆ ಬಂದು ಕುಳಿತಿದೆ. ನಿಜವಾದದ್ದು ಮೇಡಂ ಅವರ ಗೋದಾಮಿನಲ್ಲಿ, ಚೀಟಿ ಇಲ್ಲದ ಯಾವುದೋ ಡಬ್ಬದಲ್ಲಿದೆ.

ಬೆಳಗ್ಗೆ ಸೊಸೆಗೆ ಹೇಳಿ ರೆಸ್ಯೂಮ್ ತಿದ್ದಿಸಿದೆ. ಹತ್ತು ಜನ ಸೇರಿ ಮಾಡಿದ ಕೆಲಸದಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟನ್ನೇ ಬರೆಯಿರಿ, ಇದು ನನ್ನ ಕೊನೆಯ ಸಲಹೆ. ನಮ್ಮ ರೆಸ್ಯೂಮಿನ ತಲೆಯಲ್ಲಿ ಈಗ ಇಬ್ಬರ ಹೆಸರಿದೆ, ಅವಳದು ಮೇಲೆ. ಕೆಳಗೆ ಹೀಗಿದೆ: "ಕೇಳಿ ಗುರುತಿಸುವವರು, ಹೆಂಡತಿ. ಡಬ್ಬ ಎತ್ತಿಡುವವರು, ಗಂಡ." ಅಚ್ಚಾದ ಹಾಳೆಯನ್ನು ಅವಳ ಕೈಗಿಟ್ಟೆ. ತನ್ನ ಹೆಸರಿನ ಮೇಲೆ ಬೆರಳಾಡಿಸಿ, "ಅಕ್ಷರ ಸ್ವಲ್ಪ ದೊಡ್ಡದಾಯ್ತು" ಅಂದಳು. ಚಿಕ್ಕದು ಮಾಡು ಎಂದು ಮಾತ್ರ ಹೇಳಲಿಲ್ಲ.

ಮೇಡಂ, ನಮ್ಮ ಅರ್ಜಿ ನಿಮ್ಮ ಕಚೇರಿಗೆ ತಲುಪಿದೆ. ವಯಸ್ಸಿನ ವಿಚಾರ ನನಗೆ ಗೊತ್ತು. ಕೆಲಸ ಕೊಡದಿದ್ದರೂ ಚಿಂತೆಯಿಲ್ಲ. ವಿಲೇವಾರಿಗೆ ಮುಂಚೆ ಆ ಗೋದಾಮಿನಲ್ಲಿ ನಮ್ಮಿಬ್ಬರನ್ನು ಕೂರಿಸಿ, ಅಷ್ಟು ಸಾಕು. ಅರ್ಜಿಯಲ್ಲಿ ಒಂದು ಕೊರತೆ ಉಳಿದಿದೆ. ಕೆಲಸದ ಮಾದರಿ ಕಳಿಸಿರಲಿಲ್ಲ. ಅದನ್ನು ಈಗ, ನಿಮ್ಮೆದುರಿಗೇ ಸಲ್ಲಿಸುತ್ತೇನೆ.

ಈ ವೇದಿಕೆಯದು ಹಳೆಯ ಮರದ ಹಲಗೆ, ಬಂದಾಗಲೇ ಗಮನಿಸಿದೆ. ಇಂಥ ನೆಲ ಸಿಗುವುದು ಅಪರೂಪ. ನಾನು ಇಲ್ಲಿಂದ ಮೆಟ್ಟಿಲಿಳಿದು ಮೂರನೇ ಸಾಲಿನವರೆಗೆ ಅವಳ ಹಾಗೆ ನಡೆಯುತ್ತೇನೆ. ಅವಳ ಕುರ್ಚಿಯ ಬಳಿ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ, ಒಂದೇ ಕ್ಷಣ. ತಪ್ಪಿದರೆ ತಿದ್ದಲು ಅವಳಿದ್ದಾಳೆ.

ಕರೆದ ನಿಮಗೆ, ಕಿವಿಗೊಟ್ಟ ನಿಮಗೆ, ಈ ಸಂಜೆ ಅವಳನ್ನು ಎತ್ತಿ ಮೂರನೇ ಸಾಲಿಗೆ ತಂದು ಕೂರಿಸಿದ ವಿದ್ಯಾರ್ಥಿಗಳಿಗೆ ನನ್ನ ಕೃತಜ್ಞತೆಗಳು. ಒಂದೇ ಒಂದು ಬೇಡಿಕೆ. ದಯವಿಟ್ಟು ಯಾರೂ ಈಗಲೇ ಚಪ್ಪಾಳೆ ತಟ್ಟಬೇಡಿ. ನಾನು ಬರುತ್ತಿರುವುದು ಅವಳಿಗೆ ಕೇಳಿಸಬೇಕು.

ನಮಸ್ಕಾರ.